ಅಶರೀರವಾಣಿಯೂ ಆಕಾಶವಾಣಿಯೂ

ನವವಧೂವರರಾದ ದೇವಕೀವಸುದೇವರನ್ನು ರಥದಲ್ಲಿ ಕುಳ್ಳಿರಿಸಿ, ಕಂಸನು ತಾನೇ ಸಾರಥಿಯಾಗಿ ಕುದುರೆಗಳನ್ನು ನಡೆಸುತ್ತಿದ್ದಾಗ ಆಕಾಶದಿಂದ ಒಂದು ಮಾತು ಕೇಳಿಬಂದ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ತಂಗಿಯ ಎಂಟನೆಯ ಗರ್ಭವೇ ತನಗೆ ಮೃತ್ಯುವೆಂಬ ಆ ಮಾತು ಅರಸನಿಗೆ ಅತ್ಯಂತ ಅಪ್ರಿಯವಾದುದು. ಆದರೆ ಆಡಿದವರು ಕಾಣಲಿಲ್ಲ. ಆ ಧ್ವನಿಯನ್ನು ಹಿಡಿದು ಸೆರೆಯಲ್ಲಿಡುವ ಉಪಾಯವು ಕಂಸನಿಗೂ ತೋರಲಿಲ್ಲ. ಕಾಳಿದಾಸನ ಶಾಕುಂತಲದಲ್ಲಿ ಇನ್ನೊಂದು ಅಶರೀರವಾಣಿಯಿದೆ. ಯಾತ್ರೆಯಿಂದ ಹಿಂದಿರುಗಿ ಅಗ್ನಿಗೃಹವನ್ನು ಹೊಕ್ಕ ಕಣ್ವಮಹರ್ಷಿಗೆ ಅದು ಮಗಳ ವಿವಾಹವಾರ್ತೆಯನ್ನು ತಿಳಿಸಿ ಆ ತಂದೆಯ ಮನಸ್ಸನ್ನು ತಣಿಸುವುದು. ಒಂದು ವಾಣಿ ಅರಸನಿಗೆ ಕಹಿಯಾದ ಸತ್ಯವನ್ನು ಹೇಳಿತು. ಮತ್ತೊಂದು ತಂದೆಗೆ ಸಂತೋಷವನ್ನು ತಂದಿತು. ಆಕಾಶದಿಂದ ಬರುವ ಮಾತಿಗೆ ನಮ್ಮ ಹಿರಿಯರು ವಿಧಿಸಿದ ಕೆಲಸಗಳು ಇವೆರಡೇ ಎಂದು ನನಗೆ ತೋರುವುದು.

ಶಬ್ದವು ಆಕಾಶದ ಗುಣವೆಂದು ಕಲಿಸುವ ತರ್ಕಶಾಸ್ತ್ರದ ಪಾಠವನ್ನು ಬಾಲ್ಯದಲ್ಲಿ ಒಪ್ಪಿಸಿದವರಿಗೆ ‘ಆಕಾಶವಾಣಿ’ ಎಂಬ ಹೆಸರಿಗಿಂತ ಒಪ್ಪುವ ಹೆಸರು ರೇಡಿಯೋವಿಗೆ ಬೇರೆ ತೋರದು. ನಮ್ಮ ರಾಷ್ಟ್ರದ ಬಾನುಲಿಸಂಸ್ಥೆಯು ಈ ಹೆಸರಿನೊಡನೆ ‘ಬಹುಜನಹಿತಾಯ ಬಹುಜನಸುಖಾಯ’ ಎಂಬ ಬುದ್ಧವಚನವನ್ನು ತನ್ನ ಧ್ಯೇಯವಾಕ್ಯವಾಗಿ ಇಟ್ಟುಕೊಂಡಿದೆ. ಹಿತವೆಂದರೆ ಒಳಿತು, ಸುಖವೆಂದರೆ ಇಂಪು. ಇವೆರಡನ್ನೂ ಕೂಡಿಸಿ ಕೊಡುವುದು ಎಷ್ಟು ಕಷ್ಟವೆಂಬುದಕ್ಕೂ, ಅದನ್ನು ನಿರ್ಣಯಿಸುವವರು ಅರಸರೋ ಬಹುಜನರೋ ಎಂಬ ವಿವಾದಕ್ಕೂ ಈ ಸಂಸ್ಥೆಯ ನೂರು ವರ್ಷಗಳ ಚರಿತ್ರೆಯೇ ಸಾಕ್ಷಿಯಾಗಿದೆ. ಆದಕಾರಣ ಆ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುತ್ತೇನೆ.

ಭರತಖಂಡದಲ್ಲಿ ಬಾನುಲಿಯನ್ನು ಮೊದಲು ಪ್ರಾರಂಭಿಸಿದವರು ಸರ್ಕಾರದವರಲ್ಲ, ಹವ್ಯಾಸಿಗಳು. ೧೯೨೩ರಲ್ಲಿ ಮುಂಬಯಿಯ ಮತ್ತು ಕಲ್ಕತ್ತೆಯ ರೇಡಿಯೋ ಕ್ಲಬ್ಬುಗಳೂ, ೧೯೨೪ರಲ್ಲಿ ಮದರಾಸಿನ ಕ್ಲಬ್ಬೂ ಸಣ್ಣ ಯಂತ್ರಗಳಿಂದ ಹಾಡು ಮಾತುಗಳನ್ನು ಬಿತ್ತರಿಸತೊಡಗಿದವು. ತರುವಾಯ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿ ಎಂಬ ಖಾಸಗಿ ಸಂಸ್ಥೆಯು ಹುಟ್ಟಿ, ೧೯೨೭ನೆಯ ಇಸವಿ ಜುಲೈ ೨೩ರಂದು ಮುಂಬಯಿಯಲ್ಲಿಯೂ, ಆಗಸ್ಟ್ ೨೬ರಂದು ಕಲ್ಕತ್ತೆಯಲ್ಲಿಯೂ ನಿಲಯಗಳನ್ನು ತೆರೆಯಿತು. ಆದರೆ ೧೯೨೯ರ ಕೊನೆಗೂ ದೇಶದಲ್ಲಿ ರೇಡಿಯೋ ಲೈಸೆನ್ಸು ಪಡೆದವರ ಸಂಖ್ಯೆಯು ಎಂಟು ಸಾವಿರವನ್ನು ಮುಟ್ಟಲಿಲ್ಲ. ಶ್ರೋತೃಗಳಿಲ್ಲದ ವಾಣಿಗೆ ಆಹಾರವೆಲ್ಲಿಯದು? ೧೯೩೦ರ ಮಾರ್ಚಿಯಲ್ಲಿ ಕಂಪೆನಿಯು ಮುಚ್ಚಿಹೋಯಿತು.

ಏಪ್ರಿಲ್ ತಿಂಗಳಲ್ಲಿ ಸರ್ಕಾರವು ಅದನ್ನು ಪ್ರಾಯೋಗಿಕವಾಗಿ ವಹಿಸಿಕೊಂಡಿತು. ಮರುವರ್ಷದ ಅಕ್ಟೋಬರಿನಲ್ಲಿ ಖರ್ಚು ಹೆಚ್ಚೆಂದು ಅದನ್ನೂ ನಿಲ್ಲಿಸಲು ನಿಶ್ಚಯಿಸಿದಾಗ ಕೇಳುಗರೂ ವ್ಯಾಪಾರಿಗಳೂ ಕೂಗೆಬ್ಬಿಸಿದರು. ನವೆಂಬರಿನಲ್ಲಿ ಆ ನಿಶ್ಚಯವನ್ನು ಹಿಂದೆಗೆದುಕೊಳ್ಳಬೇಕಾಯಿತು. ಕೆಲವೇ ಸಾವಿರ ಜನರ ಮಾತು ಅಂದು ರೇಡಿಯೋವನ್ನು ಉಳಿಸಿತೆಂಬ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಬಳಿಕ ೧೯೩೫ರಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ.ಯಿಂದ ಲಯನೆಲ್ ಫೀಲ್ಡನ್ ಎಂಬವರು ಮುಖ್ಯಾಧಿಕಾರಿಯಾಗಿ ಬಂದರು. ೧೯೩೬ರ ಜನವರಿ ೧ರಂದು ದೆಹಲಿಯ ನಿಲಯವು ಪ್ರಾರಂಭವಾಯಿತು. ಜೂನ್ ೮ರಂದು ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂದು ನಾಮಕರಣವಾಯಿತು. ಮುಂಜಾನೆ ಪ್ರಸಾರಾರಂಭದಲ್ಲಿ ಕೇಳಿಬರುವ, ಶಿವರಂಜನಿಯ ಛಾಯೆಯುಳ್ಳ ಆ ಪರಿಚಿತ ವಾದ್ಯಧ್ವನಿಯನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರರು. ಯುರೋಪಿನಲ್ಲಿ ನೆಲೆ ತಪ್ಪಿ ಮುಂಬಯಿಗೆ ಬಂದ ಒಬ್ಬ ಶರಣಾಗತನ ಸ್ವರವು ನಮ್ಮ ಮೂರು ತಲೆಮಾರುಗಳ ಸುಪ್ರಭಾತವಾದದ್ದು ವಿಧಿಯ ವಿಚಿತ್ರವಲ್ಲವೆ!

ಫೀಲ್ಡನ್ನರು ಬಂದ ವರ್ಷವೇ ನಮ್ಮ ಮೈಸೂರಿನಲ್ಲಿಯೂ ಒಂದು ಕೌತುಕವು ನಡೆಯಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಇಸವಿ ಸೆಪ್ಟೆಂಬರ್ ೧೦ರಂದು ಒಂಟಿಕೊಪ್ಪಲಿನ ತಮ್ಮ ಸ್ವಗೃಹ ‘ವಿಠ್ಠಲವಿಹಾರ’ದಿಂದಲೇ ಪ್ರಸಾರವನ್ನು ಆರಂಭಿಸಿದರು. ಅವರ ಯಂತ್ರದ ಶಕ್ತಿಯು ೩೦ ವ್ಯಾಟು ಮಾತ್ರ. ಎಂದರೆ ಮನೆಯ ಒಂದು ಸಣ್ಣ ವಿದ್ಯುದ್ದೀಪಕ್ಕೆ ಬೇಕಾಗುವಷ್ಟು. ಅಷ್ಟರಿಂದಲೇ ಅವರು ಹಾಡನ್ನೂ ಉಪನ್ಯಾಸವನ್ನೂ ಊರಿಗೆ ಹಂಚಿದರು. ಅನಂತರ ೨೫೦ ವ್ಯಾಟಿನ ಯಂತ್ರವನ್ನು ತರಿಸಿದರು. ಈ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿಯಿದೆ. ಒಬ್ಬ ಅಧ್ಯಾಪಕರು ಸಂಬಳದ ಹಣವನ್ನೂ ವಿರಾಮದ ಕಾಲವನ್ನೂ ಸುರಿದು ಕಟ್ಟಿದ ಈ ನಿಲಯವನ್ನು ೧೯೪೦ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವೂ, ೧೯೫೦ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವೂ ವಹಿಸಿಕೊಂಡವು. ೧೯೫೫ರಲ್ಲಿ ಅದು ಬೆಂಗಳೂರಿಗೆ ಸಾಗಿತು. ಮೈಸೂರಿಗೆ ಮತ್ತೆ ನಿಲಯವು ಬಂದದ್ದು ೧೯೭೪ರಲ್ಲಿ. ಮೈಸೂರಿನ ಒಂದು ಮನೆಯಲ್ಲಿ ಇಟ್ಟ ಹೆಸರು ಕ್ರಮೇಣ ರಾಷ್ಟ್ರದ ಬಾನುಲಿಗೇ ಹೆಸರಾಯಿತು. ೨೦೨೩ರ ಮೇ ತಿಂಗಳಲ್ಲಿ ಇಂಗ್ಲಿಷ್ ಹೆಸರನ್ನು ಬಿಟ್ಟು ‘ಆಕಾಶವಾಣಿ’ ಎಂದಷ್ಟೇ ಬಳಸಬೇಕೆಂಬ ಆಜ್ಞೆಯೂ ಹೊರಟಿತು.

ಸ್ವಾತಂತ್ರ್ಯವು ಬಂದಾಗ ನಮ್ಮ ಪಾಲಿಗೆ ಉಳಿದ ನಿಲಯಗಳು ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ತಿರುಚಿರಾಪಳ್ಳಿ, ಲಖನೌ ಎಂಬ ಆರು ಮಾತ್ರ. ಲಾಹೋರು, ಪೇಶಾವರ, ಢಾಕಾಗಳು ಪಾಕಿಸ್ತಾನಕ್ಕೆ ಸೇರಿದವು. ಈ ಆರರ ಧ್ವನಿಯು ದೇಶದ ನೂರರಲ್ಲಿ ಹನ್ನೊಂದು ಜನರಿಗೆ ಮಾತ್ರ ಎಟುಕುತ್ತಿತ್ತು. ಆ ವರ್ಷದ ನವೆಂಬರ್ ೧೨, ದೀಪಾವಳಿಯ ದಿನ. ದೇಶವಿಭಾಗದಿಂದ ಮನೆಮಠಗಳನ್ನು ಕಳೆದುಕೊಂಡ ಲಕ್ಷಾಂತರ ನಿರಾಶ್ರಿತರು ಕುರುಕ್ಷೇತ್ರದ ಶಿಬಿರದಲ್ಲಿದ್ದರು. ಅಲ್ಲಿಗೆ ತಾವೇ ಹೋಗಲಾರದ ಗಾಂಧೀಜಿಯವರು ದೆಹಲಿಯ ಬಾನುಲಿಭವನಕ್ಕೆ ಬಂದು ಅವರೊಡನೆ ಮಾತನಾಡಿದರು. ಅವರು ಆ ಭವನವನ್ನು ಹೊಕ್ಕದ್ದು ಆಯುಷ್ಯದಲ್ಲಿ ಅದೊಂದೇ ಸಲ. ಯಂತ್ರಗಳ ವಿಷಯದಲ್ಲಿ ಸಂಶಯವುಳ್ಳ ಆ ಮಹಾತ್ಮರು ಈ ಯಂತ್ರದಲ್ಲಿ ‘ಶಕ್ತಿ’ಯನ್ನು ಕಂಡೆನೆಂದರು. ದೀಪವಿಲ್ಲದವರಿಗೆ ದೀಪಾವಳಿಯಂದು ಒಂದು ಮಾತನ್ನು ತಲುಪಿಸುವುದು; ಇದೇ ಈ ಶಕ್ತಿಯ ಸಾರ್ಥಕವಾದ ವಿನಿಯೋಗ. ಆ ದಿನವನ್ನು ಇಂದಿಗೂ ಸಾರ್ವಜನಿಕ ಪ್ರಸಾರದಿನವೆಂದು ಆಚರಿಸುವರು.

ಮುಂದಿನ ಕಾಲದಲ್ಲಿ ನಿಲಯಗಳು ಬೆಳೆದವು; ಹಿತಸುಖಗಳ ತಿಕ್ಕಾಟವೂ ಬೆಳೆಯಿತು. ಹಾರ್ಮೋನಿಯಮ್ಮಿನ ಸ್ಥಿರಸ್ವರಗಳು ನಮ್ಮ ಗಮಕಮೀಂಡುಗಳಿಗೆ ಒಗ್ಗವೆಂದು ೧೯೪೦ರಲ್ಲಿಯೇ ಆ ವಾದ್ಯಕ್ಕೆ ಬಹಿಷ್ಕಾರವನ್ನು ಹಾಕಲಾಗಿತ್ತು. ಅದು ಸಡಿಲವಾದದ್ದು ೧೯೭೧ರಲ್ಲಿ. ೧೯೫೨ರಲ್ಲಿ ವಾರ್ತಾಮಂತ್ರಿಗಳಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ಪರಮಾಭಿಮಾನಿಗಳು. ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವು ಪ್ರಾರಂಭವಾದದ್ದು ಅವರ ಕಾಲದಲ್ಲಿಯೇ. ಅರಮನೆಗಳ ಆಶ್ರಯವು ತಪ್ಪಿದ ಎಷ್ಟೋ ವಿದ್ವಾಂಸರಿಗೆ ಆಕಾಶವಾಣಿಯೇ ಅನ್ನವನ್ನಿತ್ತ ಆಸ್ಥಾನವಾಯಿತು. ಇದು ನಿಜವಾದ ಹಿತ. ಆದರೆ ಅದೇ ಮಂತ್ರಿಗಳು ಚಲನಚಿತ್ರಗೀತೆಗಳನ್ನು ಹೀನಾಭಿರುಚಿಯವೆಂದು ದೂರವಿಟ್ಟರು. ಪರಿಣಾಮವೇನು? ಬಹುಜನರು ರೇಡಿಯೋದ ಮುಳ್ಳನ್ನು ಸಿಂಹಳದ ಕಡೆಗೆ ತಿರುಗಿಸಿದರು. ರೇಡಿಯೋ ಸಿಲೋನಿನ ಹಾಡುಗಳು ಸಮುದ್ರವನ್ನು ದಾಟಿ ನಮ್ಮ ಮನೆಮನೆಗಳನ್ನು ತುಂಬಿದವು. ಕೊನೆಗೆ ೧೯೫೭ರ ಅಕ್ಟೋಬರ್ ೩ರಂದು ಆಕಾಶವಾಣಿಯೇ ‘ವಿವಿಧಭಾರತಿ’ಯನ್ನು ತೆರೆದು ಹಾಡುಗಳನ್ನು ಬರಮಾಡಿಕೊಂಡಿತು. ಸುಖವನ್ನು ಬಿಟ್ಟ ಹಿತವನ್ನು ಯಾರೂ ಬಾಗಿಲೊಳಕ್ಕೆ ಕರೆಯರು. ಔಷಧವನ್ನೂ ಜೇನಿನಲ್ಲಿ ತೇದು ಕೊಡುವುದು ನಮ್ಮ ವೈದ್ಯರ ಪದ್ಧತಿಯಲ್ಲವೆ?

ಇನ್ನು ಈ ಸಂಸ್ಥೆಯು ಸಂಸಾರಿಗಳಿಗೆ ಮಾಡಿದ ಸೇವೆಯ ವಿಷಯ. ಇದನ್ನು ಗ್ರಂಥಗಳಿಂದಲ್ಲ, ನಮ್ಮ ಮನೆಯ ಅನುಭವದಿಂದಲೇ ಹೇಳಬಲ್ಲೆನು. ನಮ್ಮದು ಮಲೆನಾಡಿನ ಒಂದು ಸಣ್ಣ ಹಳ್ಳಿ. ೧೯೬೫ರಲ್ಲಿ ಭದ್ರಾವತಿಯ ನಿಲಯವು ಪ್ರಾರಂಭವಾದ ವರ್ಷವೇ ನಾನು ಹುಟ್ಟಿದವನು. ನನಗೆ ತಿಳಿವಳಿಕೆ ಬರುವ ವೇಳೆಗೆ ನಮ್ಮ ಜಗಲಿಯ ಗೂಡಿನಲ್ಲಿ ಕಸೂತಿಯ ಬಟ್ಟೆ ಹೊದ್ದ ಒಂದು ರೇಡಿಯೋ ಇದ್ದಿತು. ಅದಕ್ಕೆ ವರ್ಷಕ್ಕೊಮ್ಮೆ ಅಂಚೆಯ ಕಚೇರಿಯಲ್ಲಿ ಶುಲ್ಕವನ್ನು ಕಟ್ಟಿ ಲೈಸೆನ್ಸು ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುವುದು ನನ್ನ ಪಾಲಿನ ಕೆಲಸ. ೧೯೮೦ರ ದಶಕದಲ್ಲಿ ಆ ಶುಲ್ಕವು ರದ್ದಾದಾಗ ಎಲ್ಲರೂ ಸಂತೋಷಪಟ್ಟೆವು. ಇದು ನಾವು ಹಣ ಕೊಟ್ಟು ಸಾಕಿದ ವಾಣಿ ಎಂಬ ಭಾವನೆಯೂ ಅದರೊಂದಿಗೇ ಮರೆಯಾಯಿತೆಂಬುದು ಆಗ ತಿಳಿಯಲಿಲ್ಲ.

ಹಗಲಿನಲ್ಲಿ ಭದ್ರಾವತಿಯೊಂದೇ ನಿಚ್ಚಳವಾಗಿ ಕೇಳುತ್ತಿದ್ದ ಪೆಟ್ಟಿಗೆಯಲ್ಲಿ ರಾತ್ರಿಯಾದೊಡನೆ ದೂರದೂರದ ಭಾಷೆಗಳು ಮೊಳಗುತ್ತಿದ್ದುದು ನಮಗೆ ಮಾಯೆಯಂತೆ ತೋರುತ್ತಿತ್ತು. ಅದರ ಕಾರಣವನ್ನು ಆಮೇಲೆ ತಿಳಿದೆನು. ಮಧ್ಯತರಂಗಗಳು ಹಗಲಿನಲ್ಲಿ ನೆಲವನ್ನು ಹಿಡಿದು ಕೆಲವು ಹರಿದಾರಿ ಮಾತ್ರ ಸಾಗುವುವು. ಮೇಲಕ್ಕೆ ಹೋದವನ್ನು ಆಕಾಶದ ವಿದ್ಯುನ್ಮಯವಾದ ಒಂದು ಪದರವು ನುಂಗಿಬಿಡುವುದು. ಸೂರ್ಯಾಸ್ತವಾದ ಮೇಲೆ ಆ ಪದರವು ಕರಗಿ, ಅದಕ್ಕೂ ಮೇಲಿನ ಪದರವು ಕನ್ನಡಿಯಂತೆ ತರಂಗಗಳನ್ನು ಭೂಮಿಗೆ ಹಿಂದಿರುಗಿಸುವುದು. ಹೀಗೆ ಒಂದೇ ನಿಲಯದ ಧ್ವನಿಯು ರಾತ್ರಿ ನೂರಾರು ಮೈಲಿಗಳನ್ನು ನೆಗೆಯುವುದು.

ನನ್ನ ತಾಯಿಯವರಿಗೆ ಅಕ್ಷರ ಬಾರದು. ಮಗುವಿಗೆ ಬೇಧಿಯಾದಾಗ ಉಪ್ಪುಸಕ್ಕರೆಯ ನೀರನ್ನು ಕೊಡಬೇಕೆಂಬುದನ್ನೂ, ಅಡಕೆಯ ಕೊಳೆರೋಗಕ್ಕೆ ಯಾವಾಗ ಔಷಧಿ ಹೊಡೆಯಬೇಕೆಂಬುದನ್ನೂ, ಚೌಡಯ್ಯನವರ ಪಿಟೀಲೆಂದರೆ ಯಾವುದೆಂಬುದನ್ನೂ ಅವರು ಕಲಿತದ್ದು ಆ ಗೂಡಿನಿಂದ. ಒಲೆಯ ಮುಂದೆ ಕುಳಿತವರ ಕೈಗೆ ಪುಸ್ತಕವು ಬಿಡುವು ಕೊಡದು. ಕಿವಿಗೆ ಬಾನುಲಿಯು ಬಿಡುವನ್ನೇ ಕೇಳದು. ನಮ್ಮ ದೇಶದ ಕೋಟ್ಯಂತರ ಗೃಹಿಣಿಯರಿಗೆ ಆಕಾಶವಾಣಿಯೇ ಪಾಠಶಾಲೆಯಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

೧೯೭೪ರ ಜೂನ್ ೩೦ರಂದು ಸಂಸ್ಕೃತವಾರ್ತೆಗಳು ಪ್ರಾರಂಭವಾದವು. ನನ್ನ ತಂದೆಯವರು ಪೌರೋಹಿತ್ಯ ಮಾಡಿಕೊಂಡಿದ್ದವರು. ‘ಇಯಮ್ ಆಕಾಶವಾಣೀ’ ಎಂದು ಮೊದಲ ಸಲ ಕೇಳಿಬಂದಾಗ ಸಂಧ್ಯಾವಂದನೆಯ ಪಂಚಪಾತ್ರೆಯನ್ನು ಹಿಡಿದೇ ಜಗಲಿಗೆ ಬಂದು ನಿಂತರು. ವಾರ್ತೆಯು ಐದು ನಿಮಿಷಗಳಲ್ಲಿ ಮುಗಿಯಿತು. “ಶ್ರಾದ್ಧಕ್ಕೂ ಮದುವೆಗೂ ಮಾತ್ರ ಅಂದುಕೊಂಡಿದ್ದೆವಲ್ಲೋ ಮಗ! ಇದು ದಿಲ್ಲಿಯ ಸುದ್ದಿಯನ್ನೂ ಹೇಳುತ್ತದೆ!” ಎಂದು ನಕ್ಕರು. ಕಣ್ಣಿನಲ್ಲಿ ನೀರಿತ್ತು. ಒಂಬತ್ತು ವರ್ಷದ ನಾನು ಸಂಸ್ಕೃತವನ್ನು ಓದಬೇಕೆಂದು ನಿಶ್ಚಯಿಸಿದ್ದು ಆ ಬೆಳಿಗ್ಗೆ. ಮುಂದೆ ಅದರಿಂದಲೇ ನನ್ನ ಜೀವನವೂ ನಡೆಯಿತು. ತನ್ನ ನುಡಿಯನ್ನು ಆಕಾಶದಿಂದ ಕೇಳಿದವನಿಗೆ ಆ ನುಡಿಯಲ್ಲಿ ಗೌರವವು ಹುಟ್ಟುವುದು. ೨೩ ಭಾಷೆಗಳಲ್ಲಿಯೂ ೧೭೯ ಉಪಭಾಷೆಗಳಲ್ಲಿಯೂ ಪ್ರಸಾರ ಮಾಡುವುದಾಗಿ ಸಂಸ್ಥೆಯು ಲೆಕ್ಕ ಕೊಡುವುದಷ್ಟೆ. ಹಾಗಾದರೆ ಕಾಡಿನ ಗುಡ್ಡದ ಎಷ್ಟೋ ಮನೆಗಳಲ್ಲಿ, ಲಿಪಿಯೂ ಇಲ್ಲದ ನುಡಿಗಳನ್ನಾಡುವ ಎಷ್ಟೋ ತಂದೆಗಳ ಕಣ್ಣು ಇದೇ ರೀತಿ ಒದ್ದೆಯಾಗಿರಬೇಕು.

ಕನ್ನಡಕ್ಕೆ ಸಂದ ಸೇವೆಯೂ ಅಲ್ಪವಲ್ಲ. ೧೯೫೦ರಲ್ಲಿ ಧಾರವಾಡ, ೧೯೫೫ರಲ್ಲಿ ಬೆಂಗಳೂರು, ೧೯೬೫ರಲ್ಲಿ ಭದ್ರಾವತಿ, ೧೯೬೬ರಲ್ಲಿ ಕಲಬುರ್ಗಿ, ೧೯೭೬ರಲ್ಲಿ ಮಂಗಳೂರು, ಹೀಗೆ ನಿಲಯಗಳು ಒಂದೊಂದಾಗಿ ನಾಡನ್ನು ಬಳಸಿದವು. ಧಾರವಾಡದಲ್ಲಿ ಬೇಂದ್ರೆಯವರೂ ಮಲ್ಲಿಕಾರ್ಜುನ ಮನ್ಸೂರರೂ ಸಲಹೆಗಾರರಾಗಿದ್ದರು. ಬೆಂಗಳೂರಿನಲ್ಲಿ ಎ. ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಆಡಿದ ಮಾತಿಗೆ ಮನೆಮನೆಯೂ ನಕ್ಕಿತು. ಮೈಸೂರಿನವನಿಗೆ ಧಾರವಾಡದ ನುಡಿಯೂ, ಕರಾವಳಿಯವನಿಗೆ ಕಲಬುರ್ಗಿಯ ನುಡಿಯೂ ಬಂಧುವಿನ ನುಡಿಯೆಂದು ತೋರುವಂತೆ ಮಾಡಿದವುಗಳಲ್ಲಿ ಈ ನಿಲಯಗಳೂ ಸೇರಿವೆ.

ಕನ್ನಡ ಗದ್ಯಕ್ಕೂ ಬಾನುಲಿಯು ಒಂದು ಪಾಠವನ್ನು ಕಲಿಸಿತು. ಉಪಾಧ್ಯಾಯನಾಗಿದ್ದಾಗ ಒಂದು ನಿಲಯದವರು ನನ್ನನ್ನು ಐದು ನಿಮಿಷಗಳ ಭಾಷಣಕ್ಕೆ ಕರೆದಿದ್ದರು. ದೀರ್ಘಸಮಾಸಗಳಿಂದ ಅಲಂಕೃತವಾದ ಪ್ರಬಂಧವನ್ನು ಕೊಂಡೊಯ್ದೆನು. ಕಾರ್ಯಕ್ರಮಾಧಿಕಾರಿಗಳು ವಿನಯದಿಂದಲೇ ಅರ್ಧವನ್ನು ಹೊಡೆದುಹಾಕಿದರು. “ಮೇಷ್ಟ್ರೇ, ಓದುವವರಾದರೆ ಅರ್ಥವಾಗದಿದ್ದಲ್ಲಿ ಹಿಂದಿನ ಸಾಲಿಗೆ ಮರಳುತ್ತಾರೆ. ಕೇಳುವವರು ಎಲ್ಲಿಗೆ ಮರಳಬೇಕು?” ಎಂದರು. ನನಗೆ ಮೊದಲು ಅಭಿಮಾನಭಂಗವಾಯಿತು, ಆಮೇಲೆ ವಿವೇಕವುಂಟಾಯಿತು. ಅಂದಿನಿಂದ ತರಗತಿಯಲ್ಲಿಯೂ ಕೊನೆಯ ಬೆಂಚಿನ ಹುಡುಗನ ಕಿವಿಯನ್ನು ನೆನೆದೇ ಮಾತನಾಡುತ್ತಿದ್ದೆನು. ಈ ಲೇಖನದಲ್ಲಿ ಆ ಪಾಠವನ್ನು ಅಲ್ಲಲ್ಲಿ ಮರೆತಿದ್ದರೆ ವಾಚಕರು ಕ್ಷಮಿಸಬೇಕು.

ಗುಣವನ್ನು ಹೇಳಿದವನು ದೋಷವನ್ನು ಮುಚ್ಚಬಾರದು. ಆಕಾಶವಾಣಿಯು ಬಹುಕಾಲ ಸರ್ಕಾರದ ಒಂದು ಇಲಾಖೆಯಾಗಿಯೇ ಇದ್ದಿತು. ೧೯೭೫ರ ಜೂನ್ ೨೬ರ ಬೆಳಿಗ್ಗೆ ತುರ್ತುಪರಿಸ್ಥಿತಿಯು ಘೋಷಿತವಾದುದನ್ನು ದೇಶವು ಕೇಳಿದ್ದು ಇದರಿಂದಲೇ. ಮುಂದಿನ ತಿಂಗಳುಗಳಲ್ಲಿ ಇದು ಸರ್ಕಾರಕ್ಕೆ ಅಪ್ರಿಯವಾದುದೊಂದನ್ನೂ ನುಡಿಯಲಿಲ್ಲ. ಕಂಸನಿಗೆ ಸತ್ಯವನ್ನು ಹೇಳಬೇಕಾದ ವಾಣಿಯು ಅರಸನ ವಂದಿಮಾಗಧರ ಸಾಲಿನಲ್ಲಿ ನಿಂತಿತು. ಜನರು ಸಂಸ್ಥೆಯ ಹೆಸರನ್ನೇ ತಿರುಚಿ ‘ಆಲ್ ಇಂದಿರಾ ರೇಡಿಯೋ’ ಎಂದು ಹಾಸ್ಯ ಮಾಡಿದರು. ನಿಜವಾದ ಸುದ್ದಿಗಾಗಿ ನಮ್ಮ ಊರಿನ ಹಿರಿಯರು ರಾತ್ರಿ ಬಾಗಿಲನ್ನು ಮುಚ್ಚಿಕೊಂಡು ಬಿ.ಬಿ.ಸಿ.ಯನ್ನು ಹುಡುಕುತ್ತಿದ್ದುದು ನನಗೆ ನೆನಪಿದೆ. ಹಾಡಿಗಾಗಿ ಸಿಂಹಳಕ್ಕೆ ಹೋದ ಮುಳ್ಳು ಈಗ ಸತ್ಯಕ್ಕಾಗಿ ಲಂಡನಿಗೆ ಹೋಯಿತು. ಸುಖವನ್ನು ಕೊಡದಿದ್ದಾಗ ಕಳೆದುಕೊಂಡದ್ದಕ್ಕಿಂತ ಇದು ದೊಡ್ಡ ನಷ್ಟ.

ಆದರೂ ಅದೇ ಕಾಲದಲ್ಲಿ ನಡೆದ ಒಂದು ಪ್ರಸಂಗವು ಆಶಾದಾಯಕವಾಗಿದೆ. ಕಲ್ಕತ್ತೆಯ ನಿಲಯದಿಂದ ೧೯೩೦ರ ದಶಕದ ಆದಿಯಿಂದಲೂ ಮಹಾಲಯ ಅಮಾವಾಸ್ಯೆಯ ಬೆಳಗಿನ ಜಾವ ‘ಮಹಿಷಾಸುರಮರ್ದಿನಿ’ ಎಂಬ ಗೀತರೂಪಕವು ಪ್ರಸಾರವಾಗುತ್ತಿತ್ತು. ಬೀರೇಂದ್ರಕೃಷ್ಣ ಭದ್ರರ ಚಂಡೀಪಠನವನ್ನು ಕೇಳದೆ ವಂಗದೇಶದಲ್ಲಿ ದುರ್ಗಾಪೂಜೆಯ ಸಂಭ್ರಮವು ಆರಂಭವಾಗದು. ೧೯೭೬ರಲ್ಲಿ ಅಧಿಕಾರಿಗಳು ಅದನ್ನು ತೆಗೆದು, ಪ್ರಖ್ಯಾತ ನಟರಾದ ಉತ್ತಮಕುಮಾರರ ಧ್ವನಿಯಲ್ಲಿ ಹೊಸದೊಂದನ್ನು ಹಾಕಿದರು. ಜನರ ಕೋಪವು ಭುಗಿಲೆದ್ದಿತು. ಹಳೆಯದನ್ನೇ ಮರಳಿ ತರಬೇಕಾಯಿತು. ಮಾತಿಗೆ ಬೀಗವಿದ್ದ ಆ ವರ್ಷದಲ್ಲಿಯೂ ಈ ವಾಣಿಯ ಒಡೆಯರು ತಾವೆಂದು ಕೇಳುಗರು ತೋರಿಸಿಕೊಟ್ಟರು.

ಸಂಸ್ಥೆಯನ್ನು ಸ್ವತಂತ್ರಗೊಳಿಸಬೇಕೆಂದು ೧೯೬೬ರಲ್ಲಿ ಚಂದಾ ಸಮಿತಿಯೂ, ೧೯೭೮ರಲ್ಲಿ ವರ್ಗೀಸ್ ಸಮಿತಿಯೂ ಸಲಹೆಯಿತ್ತವು. ೧೯೯೦ರಲ್ಲಿ ಪ್ರಸಾರಭಾರತಿಯ ಕಾಯಿದೆಯು ಆಯಿತು. ಅದು ಜಾರಿಗೆ ಬಂದದ್ದು ೧೯೯೭ರಲ್ಲಿ. ನಡುವೆ ೧೯೯೫ರಲ್ಲಿ ಸುಪ್ರೀಂ ಕೋರ್ಟು ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪು ಕೊಟ್ಟಿತು. ಆದರೆ ಕಾಯಿದೆಯಿಂದ ಸ್ವತಂತ್ರವಾದ ಸಂಸ್ಥೆಯು ವೇತನಾದಿಗಳಿಗೆ ಇಂದಿಗೂ ಸರ್ಕಾರದ ಅನುದಾನವನ್ನೇ ನಂಬಿಕೊಂಡಿದೆ. ಉಣ್ಣುವ ತಟ್ಟೆ ಬೇರೆಯವರ ಕೈಯಲ್ಲಿರುವಾಗ ನಾಲಗೆಗೆ ಎಷ್ಟು ಸ್ವಾತಂತ್ರ್ಯವೆಂಬುದನ್ನು ಸಂಸಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಚಿನ ಸಂಕಟವು ಬೇರೆ ಬಗೆಯದು. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯವು ೨೦೦೧ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಆಮೇಲೆ ಕೈಫೋನುಗಳು ಬಂದವು. ಸುಖಕ್ಕೆ ಈಗ ಕೊರತೆಯಿಲ್ಲ. ಹಿತವನ್ನು ಹೇಳುವವರೇ ವಿರಳರು. ರಾತ್ರಿಯಿಡೀ ಎಚ್ಚರವಿದ್ದ ರಾಷ್ಟ್ರೀಯ ವಾಹಿನಿಯು ೨೦೧೯ರ ಜನವರಿಯಲ್ಲಿ ಮುಚ್ಚಿತು. ಹ್ರಸ್ವತರಂಗ, ಮಧ್ಯತರಂಗಗಳ ಎಷ್ಟೋ ಹಳೆಯ ಪ್ರೇಷಕಯಂತ್ರಗಳು ನಿಂತುಹೋಗಿವೆ. ಕೈಫೋನಿನಲ್ಲಿಯೂ ಆಕಾಶವಾಣಿಯನ್ನು ಕೇಳಬಹುದೆಂಬುದು ನಿಜ. ಆದರೆ ನೆರೆ ಬಂದು, ಕಂಬಗಳು ಉರುಳಿ, ಫೋನುಗಳು ಮೂಕವಾದ ರಾತ್ರಿಯಲ್ಲಿ ಎರಡು ಬ್ಯಾಟರಿಗಳ ಪೆಟ್ಟಿಗೆಯೊಂದೇ ಮಾತನಾಡುವುದೆಂಬುದನ್ನು ಮಲೆನಾಡಿನ ಮಳೆಯನ್ನು ಕಂಡವರು ಬಲ್ಲರು.

ಹೀಗಿರಲು ಗೃಹಸ್ಥರಾದ ನಾವು ಮಾಡತಕ್ಕದ್ದೇನು? ಮೊದಲನೆಯದಾಗಿ, ಮನೆಯಲ್ಲಿ ಒಂದು ರೇಡಿಯೋ ಇರಲಿ. ದಿನಕ್ಕೆ ಅರ್ಧ ಘಂಟೆಯಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕೇಳಲಿ. ಒಬ್ಬೊಬ್ಬರ ಕಿವಿಗೂ ಒಂದೊಂದು ಬೇರೆ ಧ್ವನಿಯಾದ ಈ ಕಾಲದಲ್ಲಿ ಒಂದೇ ಮಾತನ್ನು ಕೂಡಿ ಕೇಳುವುದೂ ಸಂಸಾರಧರ್ಮವೇ ಸರಿ. ಎರಡನೆಯದಾಗಿ, ಮೆಚ್ಚಿದುದನ್ನೂ ಮೆಚ್ಚದುದನ್ನೂ ನಿಲಯಕ್ಕೆ ಕಾಗದ ಬರೆದು ತಿಳಿಸೋಣ. ೧೯೩೧ರಲ್ಲಿ ಜನರು ಸುಮ್ಮನಿದ್ದಿದ್ದರೆ ಈ ವಾಣಿಯು ಶೈಶವದಲ್ಲಿಯೇ ಅಡಗುತ್ತಿತ್ತು. ೧೯೭೬ರಲ್ಲಿ ಸುಮ್ಮನಿದ್ದಿದ್ದರೆ ವಂಗದೇಶದ ಆ ಬೆಳಗು ಬರಿದಾಗುತ್ತಿತ್ತು.

ನನ್ನ ತಾಯಿಯವರು ಈಗಿಲ್ಲ. ಹಳೆಯ ಪೆಟ್ಟಿಗೆಯೂ ಕೆಟ್ಟು ಮೂಲೆಗೆ ಸೇರಿದೆ. ಅದಕ್ಕೆ ಹೊದಿಸಿದ್ದ ಕಸೂತಿಯ ಬಟ್ಟೆಯು ಈಗ ಹೊಸ ರೇಡಿಯೋದ ಮೇಲಿದೆ. ಬೆಳಿಗ್ಗೆ ಆ ಶಿವರಂಜನಿಯು ಕೇಳಿದಾಗ ಮೊಮ್ಮಗಳು, “ಅಜ್ಜಯ್ಯ, ಇದನ್ನು ಯಾರು ಹೇಳುತ್ತಿದ್ದಾರೆ?” ಎಂದು ಕೇಳುತ್ತಾಳೆ. “ನಮ್ಮವರೇ ಮಗು, ನಮಗಾಗಿ” ಎನ್ನುತ್ತೇನೆ. ಆ ಉತ್ತರವು ಅವಳ ಕಾಲದಲ್ಲಿಯೂ ನಿಜವಾಗಿರಲಿ. ಅರಸನಿಗೆ ಅಂಜದೆ ಸತ್ಯವನ್ನೂ, ತಂದೆತಾಯಿಗಳಿಗೆ ಸಂತೋಷವನ್ನೂ ಹೇಳುವ ಆ ಪುರಾತನವಾಣಿಯ ಹೆಸರನ್ನು ಹೊತ್ತದ್ದಕ್ಕೆ ಈ ಸಂಸ್ಥೆಯು ತಕ್ಕುದಾಗಿ ಬಾಳಲಿ.